ಪ್ರತಿ ಮಳೆಗಾಲಕ್ಕೂ ಮರಳಿ ಬರುವ ಖಿನ್ನತೆ: ನೀವು ಹೇಗೆ ದಾಟುತ್ತೀರಿ?

ಶಹಾಪುರದ ಸೊಸೆ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಆರಿದ್ರಾ ಮಳೆ ಹಿಡಿದು ಬೆಳಗಾವಿಯಲ್ಲಿ ಸೂರ್ಯನ ಮುಖವೇ ಕಾಣದಂತಾಗಿದೆ. ನನ್ನ ಕಾಯಿಲೆಯೂ ಎಂದಿನಂತೆ ಮಳೆಯ ಬೆನ್ನಿಗೇ ಬಂದಿದೆ. ನನ್ನ ತವರು ವಿಜಯಪುರ. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಇದು ಮೊದಲು ಕಾಣಿಸಿಕೊಂಡಾಗ, ತವರಿನ ನೆನಪು ಕಾಡುತ್ತಿದೆ ಎಂದು ಮನೆಯವರೆಲ್ಲ ಸಮಾಧಾನ ಹೇಳಿದರು. ಆಮೇಲೆ ವರ್ಷ ವರ್ಷವೂ ಮಿರಗದ (ಮೃಗಶಿರಾ ಮಳೆಯ) ಹೊತ್ತಿಗೆ ಆರಂಭವಾಗಿ, ದಸರೆ ಹತ್ತಿರ ಬಂದಂತೆ ತಾನಾಗಿಯೇ ಸಡಿಲುವುದನ್ನು ಕಂಡು, ಇದಕ್ಕೂ ಋತುವಿಗೂ ನಂಟಿದೆ ಎಂಬುದು ನನಗೆ ಖಚಿತವಾಯಿತು.

ನಮ್ಮದು ಹಳೆಯ ಓಣಿಯ ಮನೆ. ಎರಡೂ ಪಕ್ಕದ ಗೋಡೆಗಳು ನೆರೆಮನೆಯವರ ಗೋಡೆಗಳಿಗೆ ಅಂಟಿಕೊಂಡಿರುವುದರಿಂದ ಬೆಳಕು ಬರುವುದು ತಲಬಾಗಿಲಿನಿಂದ ಮತ್ತು ಅಡುಗೆಮನೆಯ ಮೇಲಿನ ಬೆಳಕಿಂಡಿಯಿಂದ ಮಾತ್ರ. ಮಳೆಗಾಲದಲ್ಲಿ ನಡುಮನೆಗೆ ಹಗಲಿನಲ್ಲೂ ದೀಪ ಬೇಕು. ಒಳಗೇ ಹಗ್ಗ ಕಟ್ಟಿ ಹರವಿದ ಬಟ್ಟೆಗಳು ಒಣಗದೆ ಕಮಟು ವಾಸನೆ ಹಿಡಿದಿರುತ್ತವೆ. ಅವನ್ನು ಮತ್ತೊಮ್ಮೆ ಒಗೆಯಬೇಕೆಂದು ಗೊತ್ತಿದ್ದರೂ, ಹಗ್ಗದ ಕೆಳಗೆ ನಿಂತು ಕೈಯೆತ್ತಿ ಮಗನ ಒಂದು ಅಂಗಿಯನ್ನು ಎಳೆದುಕೊಳ್ಳುವಷ್ಟು ತ್ರಾಣವೂ ನನ್ನಲ್ಲಿ ಇರುವುದಿಲ್ಲ. ರಾತ್ರಿ ಬೇಗ ಮಲಗಿ ಬೆಳಿಗ್ಗೆ ತಡವಾಗಿ ಎದ್ದರೂ ನಿದ್ದೆ ಸಾಲುವುದಿಲ್ಲ. ರೊಟ್ಟಿ ಪಲ್ಯ ಬಾಯಿಗೆ ಸೇರದೆ ಬರೀ ಅನ್ನ, ಬ್ರೆಡ್ಡು, ಸಿಹಿ ಬೇಕೆನಿಸುತ್ತದೆ. ಮನೆಯಲ್ಲಿ ಕುಂದಾ ಇದ್ದರೆ ಅದು ಮುಗಿಯುವವರೆಗೆ ಕೈ ನಿಲ್ಲುವುದಿಲ್ಲ. ಕಚೇರಿಯಲ್ಲಿ ಲೆಕ್ಕದ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಾ ಕುಳಿತಿರುತ್ತೇನೆ. ಪಂಚಮಿಗೆ ಕರೆದೊಯ್ಯಲು ಅಣ್ಣ ಬಂದರೆ, ಉಂಡಿ ಕಟ್ಟಿ ಜೋಕಾಲಿ ಆಡುವ ಆ ಹಬ್ಬದ ಹೆಸರು ಕೇಳಿಯೇ ನನಗೆ ಅಳು ಬರುತ್ತದೆ.

ದುಃಖಕ್ಕಿಂತಲೂ ನನ್ನನ್ನು ಹೆಚ್ಚು ಕುಗ್ಗಿಸುವುದು ‘ಮತ್ತೆ ಬಂತು’ ಎಂಬ ಅರಿವು. ಒಮ್ಮೆ ಬಂದು ಹೋಗುವ ಬೇನೆಯನ್ನು ಹೇಗಾದರೂ ತಾಳಿಕೊಳ್ಳಬಹುದು. ಗುಣವಾದ ಮೇಲೂ ಮುಂದಿನ ಜೂನ್ ಕಾದೇ ಇರುತ್ತದೆ ಎನ್ನುವಾಗ, ಗುಣವಾಗಿ ಮಾಡುವುದಾದರೂ ಏನು ಎಂಬ ಪ್ರಶ್ನೆ ಏಳುತ್ತದೆ. ಇಂಥದ್ದನ್ನು ವರ್ಷಗಟ್ಟಲೆ ಅನುಭವಿಸುತ್ತಲೇ ಬದುಕು ನಡೆಸುತ್ತಿರುವವರು ಇಲ್ಲಿದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ. ‘ಧೈರ್ಯ ತಂದುಕೊಳ್ಳಿ’ ಎಂಬ ಮಾತನ್ನು ಸಾಕಷ್ಟು ಕೇಳಿದ್ದೇನೆ. ದಿನವನ್ನು ಹೇಗೆ ನೂಕುತ್ತೀರಿ ಎಂಬುದನ್ನು ತಿಳಿಯಬೇಕಾಗಿದೆ.

ಜಮಖಂಡಿ ಮಾಸ್ತರ

ತಂಗಿ, ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಸೇವೆಯ ಮೊದಲ ವರ್ಷಗಳನ್ನು ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಯಲ್ಲಿ ಕಳೆದೆ. ಕಣಕುಂಬಿಯ ಕಡೆಯ ಮಳೆಯನ್ನು ಕಂಡವರಿಗೆ ನಾನು ಹೇಳುವುದು ಅರ್ಥವಾದೀತು. ಅಲ್ಲಿ ಒಮ್ಮೆ ಹಿಡಿದ ಮಳೆ ಗಣಪತಿ ಹಬ್ಬದವರೆಗೂ ಬಿಡುವು ಕೊಡುತ್ತಿರಲಿಲ್ಲ. ಅಲ್ಲಿ ಹತ್ತಿದ ಈ ಬೇನೆ ಜಮಖಂಡಿಗೆ ವರ್ಗವಾದ ಮೇಲೆ ಎಷ್ಟೋ ಇಳಿಯಿತು, ಆದರೆ ಪೂರ್ತಿ ಬಿಡಲಿಲ್ಲ. ನಮ್ಮ ಊರು ಮಳೆಗೆ ಎರವಾದರೂ ಆಷಾಢದ ಮೋಡಕ್ಕೆ ಎರವಲ್ಲ.

ನಾನೂ ನಮ್ಮ ಮನೆಯವರೂ ಸೇರಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಮಿರಗದಿಂದ ಬನ್ನಿ ಮುಡಿಯುವ ದಿನದವರೆಗೆ ಯಾವ ದೊಡ್ಡ ತೀರ್ಮಾನವನ್ನೂ ಮಾಡುವಂತಿಲ್ಲ. ನೌಕರಿ ಬಿಡುವುದು, ಹೊಲ ಮಾರುವುದು, ಬೀಗರೊಡನೆ ಮಾತು ಕಡಿದುಕೊಳ್ಳುವುದು, ಇವೆಲ್ಲ ಆ ಅವಧಿಗೆ ನಿಷಿದ್ಧ. ಬದುಕಬೇಕೇ ಬೇಡವೇ ಎಂಬ ಪ್ರಶ್ನೆಯನ್ನೂ ಅದೇ ಪಟ್ಟಿಯಲ್ಲಿ ಸೇರಿಸಿದ್ದೇವೆ. ಅದು ನನ್ನೊಳಗೂ ಎದ್ದದ್ದುಂಟು. ವಾದ ಮಾಡಿ ಅದನ್ನು ಸೋಲಿಸಲು ನನ್ನಿಂದ ಆಗಿಲ್ಲ, ಏಕೆಂದರೆ ಆ ತಿಂಗಳುಗಳಲ್ಲಿ ನನ್ನ ಬುದ್ಧಿಯೇ ಕಾಯಿಲೆಯ ಪರವಾಗಿ ಸಾಕ್ಷಿ ಹೇಳುತ್ತದೆ. ಆದ್ದರಿಂದ ನಾನು ವಾದಕ್ಕೆ ಇಳಿಯುವುದಿಲ್ಲ. ಬನ್ನಿ ಹಬ್ಬ ಮುಗಿದ ಮೇಲೆ ನೋಡೋಣ ಎಂದು ಮನೆಯವರ ಎದುರಿಗೆ ಬಾಯಿಬಿಟ್ಟು ಹೇಳುತ್ತೇನೆ. ಹಬ್ಬ ಮುಗಿದಾಗ ಅದನ್ನು ಎತ್ತಿಕೊಳ್ಳುವ ಅಗತ್ಯ ಇದುವರೆಗೆ ಬಿದ್ದಿಲ್ಲ.

ಇನ್ನೊಂದು ಮಾತು. ‘ಮತ್ತೆ ಬಂತು’ ಎಂದು ಬರೆದಿದ್ದೀರಿ. ಪ್ರತಿ ಸಲವೂ ಅದು ಮತ್ತೆ ಹೋಗಿದೆ ಎಂಬುದೂ ಅಷ್ಟೇ ನಿಜವಲ್ಲವೇ? ಬಂದ ದಿನ ಎಲ್ಲರಿಗೂ ನೆನಪಿರುತ್ತದೆ, ಹೋದ ದಿನವನ್ನು ಯಾರೂ ಗುರುತಿಟ್ಟುಕೊಳ್ಳುವುದಿಲ್ಲ, ಏಕೆಂದರೆ ಮೈ ಹಗುರಾದೊಡನೆ ಮನುಷ್ಯ ತನ್ನ ಕೆಲಸಕ್ಕೆ ಹೊರಟುಬಿಡುತ್ತಾನೆ. ನಾನು ಎರಡನ್ನೂ ಒಂದೇ ವಹಿಯಲ್ಲಿ ಬರೆದಿಡುತ್ತೇನೆ. ದಿನಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದಿದ ದಿನ ಅದು ಹೋಯಿತೆಂದು ನನ್ನ ಲೆಕ್ಕ. ಆಷಾಢದಲ್ಲಿ ನನಗೆ ಯಾರ ಮಾತೂ ನಾಟುವುದಿಲ್ಲ, ಆದರೆ ನನ್ನದೇ ಕೈಬರಹದ ಆ ತಾರೀಖುಗಳನ್ನು ಅಲ್ಲಗಳೆಯಲು ಆಗುವುದಿಲ್ಲ.

ಮನೋವೈದ್ಯೆ, ಬಾಗಲಕೋಟೆ

ಮಾಸ್ತರರ ಕಟ್ಟಳೆಯನ್ನು ನನ್ನ ರೋಗಿಗಳಿಗೂ ಹೇಳಬೇಕೆನಿಸಿತು. ಅದರ ಜೊತೆಗೆ ವೈದ್ಯಕೀಯದ ಕಡೆಯಿಂದ ತಿಳಿಸಬೇಕಾದದ್ದನ್ನು ಬರೆಯುತ್ತೇನೆ.

ಈ ಬಗೆಯ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಂಗಡಿಗರು ವಿವರವಾಗಿ ದಾಖಲಿಸಿದರು. ಇಂದು ಇದನ್ನು ಪ್ರತ್ಯೇಕ ಕಾಯಿಲೆಯೆಂದು ಎಣಿಸದೆ, ಮರುಕಳಿಸುವ ಖಿನ್ನತೆಯು ಋತುವಿಗೆ ತಕ್ಕಂತೆ ಬಂದುಹೋಗುವ ಒಂದು ಬಗೆಯೆಂದು ಪರಿಗಣಿಸುತ್ತೇವೆ. ಕನಿಷ್ಠ ಎರಡು ವರ್ಷ ಅದೇ ಕಾಲಕ್ಕೆ ಬಂದು, ಅದೇ ಕಾಲಕ್ಕೆ ಇಳಿದು, ಆ ಎರಡು ವರ್ಷಗಳಲ್ಲಿ ಬೇರೆ ಕಾಲದಲ್ಲಿ ತಲೆ ಎತ್ತದಿದ್ದರೆ ಹಾಗೆ ಹೇಳಬಹುದು. ಅತಿ ನಿದ್ದೆ, ಪಿಷ್ಟ ಮತ್ತು ಸಿಹಿಯ ಹಂಬಲ, ತೂಕ ಏರುವುದು, ಕೈಕಾಲು ಭಾರ, ಇವು ಶೀತ ದೇಶಗಳ ಚಳಿಗಾಲದ ಖಿನ್ನತೆಯಲ್ಲಿ ಕಾಣುವ ಲಕ್ಷಣಗಳು. ಶಹಾಪುರದ ತಂಗಿ ಬರೆದದ್ದೂ ಹೆಚ್ಚುಕಡಿಮೆ ಅದೇ.

ಅದು ನಮ್ಮಲ್ಲಿ ಮಳೆಗಾಲದಲ್ಲಿ ಏಕೆ ಬರಬೇಕು ಎಂದು ಕೇಳಬಹುದು. ಸ್ಟಾಕ್‌ಹೋಮ್‌ನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಹನ್ನೆರಡು ತಾಸಿನ ಅಂತರವಿದೆ. ಬೆಳಗಾವಿಯಲ್ಲಿ ಆ ಅಂತರ ಸುಮಾರು ಎರಡೇ ತಾಸು. ನಮ್ಮ ಚಳಿಗಾಲದಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಹಗಲು ಅತಿ ದೀರ್ಘವಾಗಿರಬೇಕಾದ ಜೂನ್-ಜುಲೈಯಲ್ಲೇ ಮೋಡ ಕವಿಯುತ್ತದೆ, ಜನ ಒಳಗೆ ಸೇರುತ್ತಾರೆ. ಟ್ಯೂಬ್‌ಲೈಟ್ ಉರಿಯುವ ಸಾಮಾನ್ಯ ಕೋಣೆಯಲ್ಲಿ ಬೆಳಕಿನ ಪ್ರಮಾಣ ನೂರರಿಂದ ಮುನ್ನೂರು ಲಕ್ಸ್ (ಬೆಳಕನ್ನು ಅಳೆಯುವ ಮಾನ) ಇದ್ದೀತು, ಮೋಡ ಮುಸುಕಿದ ಹಗಲಿನಲ್ಲೂ ಬಯಲಿನಲ್ಲಿ ಸಾವಿರಾರು ಲಕ್ಸ್ ಇರುತ್ತದೆ. ಅಕ್ಷಿಪಟಲದಲ್ಲಿ ನೋಟಕ್ಕಲ್ಲದೆ ಬೆಳಕಿನ ಪ್ರಮಾಣವನ್ನು ಅಳೆಯುವುದಕ್ಕೆಂದೇ ಇರುವ ಕೆಲವು ಕೋಶಗಳಿವೆ. ಅವು ಕಳಿಸುವ ಸುದ್ದಿಯ ಮೇಲೆ ಮಿದುಳಿನ ಗಡಿಯಾರ ನಡೆಯುತ್ತದೆ, ನಿದ್ದೆ ತರುವ ಮೆಲಟೋನಿನ್ ಯಾವಾಗ ಸ್ರವಿಸಬೇಕು, ಯಾವಾಗ ನಿಲ್ಲಬೇಕು ಎಂಬುದು ತೀರ್ಮಾನವಾಗುತ್ತದೆ. ಆದ್ದರಿಂದ ಎದ್ದ ಒಂದು ತಾಸಿನೊಳಗೆ, ಛತ್ರಿ ಹಿಡಿದಾದರೂ ಸರಿ, ಮರದ ನೆರಳಿಲ್ಲದ ಬಯಲಿನಲ್ಲಿ ಅರ್ಧ ತಾಸಿಗೆ ಕಡಿಮೆಯಿಲ್ಲದಂತೆ ನಡೆಯಿರಿ. ಚಿಕಿತ್ಸೆಗೆಂದು ಬಳಸುವ ದೀಪದ ಪೆಟ್ಟಿಗೆ 10,000 ಲಕ್ಸ್ ಬೆಳಕು ಕೊಡುತ್ತದೆ. ಬೆಳಿಗ್ಗೆ ಅರ್ಧ ತಾಸು ಅದರ ಮುಂದೆ ಕೂಡಬೇಕು, ದೀಪವನ್ನೇ ದಿಟ್ಟಿಸಬಾರದು. ಅದರ ಮೇಲಿನ ಅಧ್ಯಯನಗಳು ಬಹುಪಾಲು ಉತ್ತರದ ಶೀತ ದೇಶಗಳವು ಎಂಬುದನ್ನು ನೆನಪಿಡಿ. ಅಕ್ಷಿಪಟಲದ ತೊಂದರೆ ಇರುವವರೂ, ಎಂದಾದರೂ ಉನ್ಮಾದದ, ಅಂದರೆ ಉಮೇದು ಮಿತಿಮೀರುವ ಲಕ್ಷಣ ಕಂಡವರೂ ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿಕೊಳ್ಳಿ, ಏಕೆಂದರೆ ಅವುಗಳ ಕೊರತೆಯೂ ಇದೇ ವೇಷದಲ್ಲಿ ಬರುತ್ತದೆ. ಗುಳಿಗೆ ಬೇಕಾದರೆ ಅಂಜಬೇಡಿ. ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮಳೆ ನಿಂತಿತೆಂದು ನೀವೇ ನಿಲ್ಲಿಸಬಾರದು. ಋತು ಬರುವ ಮೊದಲೇ ಔಷಧ ಆರಂಭಿಸುವ ಪದ್ಧತಿಯೂ ಇದೆ. ಬುಪ್ರೊಪಿಯಾನ್ ಎಂಬ ಔಷಧಕ್ಕೆ 2006ರಲ್ಲಿ ಅಮೆರಿಕದಲ್ಲಿ ಈ ತಡೆಗಟ್ಟುವ ಉದ್ದೇಶಕ್ಕೇ ಒಪ್ಪಿಗೆ ಸಿಕ್ಕಿತು. ನಿಮಗೆ ಯಾವುದು ತಕ್ಕುದೆಂದು ನೋಡಿದ ವೈದ್ಯರೇ ಹೇಳಬೇಕು. ಗುಳಿಗೆಯಲ್ಲದೆ ಮಾತಿನ ಚಿಕಿತ್ಸೆಯೂ ಉಂಟು. ವರ್ಮಾಂಟ್ ವಿಶ್ವವಿದ್ಯಾಲಯದ ಕೆಲ್ಲಿ ರೋಹನ್ ಅವರ ಅಧ್ಯಯನದಲ್ಲಿ ದೀಪದ ಚಿಕಿತ್ಸೆಯೂ ಮಾತಿನ ಚಿಕಿತ್ಸೆಯೂ ಮೊದಲ ಚಳಿಗಾಲದಲ್ಲಿ ಸರಿಸಮವಾಗಿದ್ದವು. ಎರಡು ಚಳಿಗಾಲಗಳ ನಂತರ ನೋಡಿದಾಗ, ಮಾತಿನ ಚಿಕಿತ್ಸೆ ಪಡೆದವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆಯಿತ್ತು. ಮರಳಿ ಬರುವುದೇ ನಿಮ್ಮ ಮುಖ್ಯ ಚಿಂತೆಯಾಗಿರುವುದರಿಂದ ಇದನ್ನು ಹೇಳಿದೆ.

ಶಹಾಪುರದ ಸೊಸೆ

ಡಾಕ್ಟರ್ ಬಾಯಾರೇ, ಮಾಸ್ತರರೇ, ನಿಮ್ಮಿಬ್ಬರ ಉತ್ತರವನ್ನು ಯಜಮಾನರಿಗೂ ಓದಲು ಕೊಟ್ಟೆ. ಹೇಳಲು ಹಿಂಜರಿದ ಒಂದು ಸಂಗತಿ ಉಳಿದಿದೆ. ಸಾಯಬೇಕೆಂದು ನಾನು ಅಂದುಕೊಂಡಿಲ್ಲ. ಆದರೆ ಮಲಗುವಾಗ, ನಾಳೆ ಬೆಳಗಾಗದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನಿಸುವುದು ಈ ವರ್ಷ ಹೆಚ್ಚಾಗಿದೆ. ನಮ್ಮ ಅತ್ತೆಯವರು ಒಳ್ಳೆಯವರು. ಮಠಕ್ಕೆ ಹೋಗಿ ಅಂಗಾರ ಹಚ್ಚಿಸಿಕೊಂಡು ಬಾ, ಇದಕ್ಕೆಲ್ಲ ಗುಳಿಗೆ ನುಂಗಿದರೆ ಜನ ಏನೆಂದಾರು ಎನ್ನುತ್ತಾರೆ. ಅವರ ಮಾತನ್ನು ಮೀರಿ ಹೋಗಲು ಮನಸ್ಸಾಗುತ್ತಿಲ್ಲ.

ಮನೋವೈದ್ಯೆ, ಬಾಗಲಕೋಟೆ

ಹೇಳಿದ್ದು ಬಹಳ ಒಳ್ಳೆಯದಾಯಿತು. ನೇರವಾಗಿಯೇ ಕೇಳುತ್ತೇನೆ, ಕೇಳುವುದರಿಂದ ಇಲ್ಲದ ವಿಚಾರ ಹುಟ್ಟುವುದಿಲ್ಲ: ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ, ಅದಕ್ಕೆ ತಯಾರಿ ಏನಾದರೂ ಇದೆಯೇ? ಇದ್ದರೆ ಈ ಕ್ಷಣ ಯಜಮಾನರಿಗೆ ಹೇಳಿ, ಒಬ್ಬರೇ ಇರಬೇಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಇಲ್ಲದಿದ್ದರೂ ಈ ವಾರದೊಳಗೆ ತಜ್ಞರನ್ನು ಕಾಣಲೇಬೇಕು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗವಿದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಲ್ಲ. ಹಳ್ಳಿಯಿಂದ ಓದುತ್ತಿರುವವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ. ನಡುರಾತ್ರಿ ಮನಸ್ಸು ತಡೆಯದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ. ಹಗಲೂ ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಮಠಕ್ಕೂ ಹೋಗಿ ಬನ್ನಿ, ತಪ್ಪೇನಿಲ್ಲ. ಅಂಗಾರ ಹಚ್ಚಿಕೊಂಡವರು ಗುಳಿಗೆ ನುಂಗಬಾರದೆಂದು ಯಾರೂ ಹೇಳಿಲ್ಲ.

ಶಹಾಪುರದ ಸೊಸೆ

ಅಂಥ ಯೋಚನೆಯಾಗಲಿ ತಯಾರಿಯಾಗಲಿ ಇಲ್ಲ. ಸಹಾಯವಾಣಿಯ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಂಡಿದ್ದೇನೆ. ಯಜಮಾನರಿಗೆ ಎಲ್ಲವನ್ನೂ ಹೇಳಿದ್ದೇನೆ.

ದ್ರಾಕ್ಷಿ ತೋಟದಾಕೆ, ತಿಕೋಟಾ

ಅಕ್ಕಾವರೇ, ನಮ್ಮ ಮನೆಯಲ್ಲಿ ಋತು ತಿರುಗುಮುರುಗು. ದ್ರಾಕ್ಷಿ ಬಳ್ಳಿಯ ಏಪ್ರಿಲ್ ಚಾಟ್ನಿ (ಕತ್ತರಿಸುವ ಕೆಲಸ) ಮುಗಿದು, ಬಿಸಿಲು ನಲವತ್ತು ಡಿಗ್ರಿ ದಾಟಿದ ಮೇಲೆ ನಮ್ಮ ಯಜಮಾನರಿಗೆ ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ. ರಾತ್ರಿಯೆಲ್ಲ ಅಂಗಳದಲ್ಲಿ ಹೊರಸಿನ ಸುತ್ತ ತಿರುಗುತ್ತಾ, ತಾನು ಯಾರಿಗೂ ಬೇಡದವನು ಎನ್ನುತ್ತಾರೆ. ಮಳೆ ಬಿದ್ದು ನೆಲ ತಣಿದ ಮೇಲೆ ತಿಳಿಯಾಗುತ್ತಾರೆ. ಅಕ್ಟೋಬರ್ ಚಾಟ್ನಿಯ ಹೊತ್ತಿಗೆ ಅವರನ್ನು ಹಿಡಿಯುವವರೇ ಇಲ್ಲ. ಎರಡು-ಮೂರು ತಾಸಿನ ನಿದ್ದೆ ಸಾಕು, ಕತ್ತಲಲ್ಲಿ ಬ್ಯಾಟರಿ ಹಿಡಿದು ಸಾಲು ಸಾಲು ಅಡ್ಡಾಡುವುದು, ಸಾಲ ತಂದು ಕಂಬ-ತಂತಿ ಹಾಕಿಸುವುದು, ಕೇಳದವರಿಗೂ ಕೈಯೆತ್ತಿ ಕೊಡುವುದು. ಊರವರು ‘ಈಗ ಮನುಷ್ಯ ಸರಿಯಾದ’ ಎಂದು ಸಂತೋಷಪಟ್ಟರು. ಆದರೆ ಮನೋವೈದ್ಯರು, ಚೆನ್ನಾಗಿರುವ ತಿಂಗಳುಗಳಲ್ಲಿ ಇವರು ಹೇಗಿರುತ್ತಾರೆ ಎಂದು ನನ್ನನ್ನು ಪ್ರತ್ಯೇಕವಾಗಿ ಕೂರಿಸಿ ಕೇಳಿದರು. ನಾನು ಹೇಳಿದ್ದನ್ನು ಕೇಳಿದ ಮೇಲೆ ಇದು ಖಿನ್ನತೆಯೂ ಅತಿ ಉಮೇದೂ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆ ಎಂದು ತಿಳಿದು ಔಷಧವೇ ಬದಲಾಯಿತು. ಖಿನ್ನತೆಗೆಂದು ಮಾತ್ರ ಗುಳಿಗೆ ಕೊಟ್ಟಿದ್ದರೆ ಆ ಉಮೇದು ಇನ್ನೂ ಕೆರಳುವ ಸಂಭವವಿತ್ತಂತೆ. ಆದ್ದರಿಂದ ವೈದ್ಯರ ಬಳಿ ಹೋದಾಗ ಕೆಟ್ಟ ತಿಂಗಳುಗಳ ಜೊತೆಗೆ ಒಳ್ಳೆಯ ತಿಂಗಳುಗಳ ಬಗ್ಗೆಯೂ ಹೇಳಿರಿ, ಮನೆಯವರೊಬ್ಬರು ಸಂಗಡ ಇರಲಿ.

ಅವರು ಈಗ ಈ ಏರಿಳಿತವನ್ನು ಹತೋಟಿಯಲ್ಲಿಡುವ ಲಿಥಿಯಂ ಎಂಬ ಔಷಧ ತೆಗೆದುಕೊಳ್ಳುತ್ತಾರೆ. ನಮ್ಮ ಬೇಸಿಗೆಯಲ್ಲಿ ಇದನ್ನು ಬಹಳ ಜತನದಿಂದ ನೋಡಿಕೊಳ್ಳಬೇಕು. ಬೆವರು ಹರಿದು ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಆ ಔಷಧದ ಪ್ರಮಾಣ ಏರಿಬಿಡುತ್ತದೆ. ನೀರಿನ ತತ್ರಾಣಿ ಸದಾ ಜೊತೆಗಿರಬೇಕು, ಉಪ್ಪನ್ನು ಒಮ್ಮೆಲೇ ಬಿಡಬಾರದು, ಮೈಕೈ ನೋವಿಗೆಂದು ಅಂಗಡಿಯಿಂದ ಗುಳಿಗೆ ತಂದು ನುಂಗಬಾರದು, ಹೇಳಿದ ದಿನಕ್ಕೆ ರಕ್ತ ಪರೀಕ್ಷೆ ತಪ್ಪಿಸಬಾರದು. ಕೈ ವಿಪರೀತ ನಡುಗಿದರೆ, ವಾಂತಿ-ಭೇದಿ ಆದರೆ, ನಡಿಗೆ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಏರ್ಪಾಡನ್ನು ಅವರೇ, ಚೆನ್ನಾಗಿದ್ದಾಗ, ತಾವಾಗಿ ಮಾಡಿದರು. ತೋಟಕ್ಕೆ ಸಿಂಪಡಿಸುವ ಔಷಧಗಳನ್ನೆಲ್ಲ ಯುಗಾದಿಗೆ ಮೊದಲೇ ಮೈದುನನ ಶೆಡ್ಡಿಗೆ ಸಾಗಿಸಿ ಬೀಗ ಜಡಿಯುತ್ತೇವೆ, ಕೀಲಿ ಮೈದುನನ ಹತ್ತಿರವೇ ಇರುತ್ತದೆ. ಒಕ್ಕಲುತನದ ಮನೆಗಳಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲ ಎಂದು ನನಗೆ ಅನಿಸಿದೆ.

ಮಗ್ಗದ ಮನೆಯ ಹುಡುಗ, ಇಳಕಲ್ಲು

ಹಿರಿಯರ ಮಾತಿಗೆ ಅಡ್ಡ ಬರುತ್ತಿದ್ದೇನೆಂದು ತಿಳಿಯಬಾರದು. ನಮ್ಮ ಅಪ್ಪಾರು ಕುಣಿಮಗ್ಗದಲ್ಲಿ ಸೀರೆ ನೇಯುತ್ತಾರೆ. ಮಳೆಗಾಲದಲ್ಲಿ ಕುಣಿಯೊಳಗೆ ತೇವ ಏರುತ್ತದೆ, ನೂಲು ಮೆತ್ತಗಾಗಿ ಎಳೆ ಹರಿಯುತ್ತದೆ, ಬೆಳಕು ಸಾಲದೆ ಸೆರಗಿನ ಟೋಪಿ ತೆನೆ ವಿನ್ಯಾಸವನ್ನು ಎಣಿಸಲು ಕಣ್ಣಿಗೆ ಬಹಳ ಶ್ರಮವಾಗುತ್ತದೆ. ಕೆಲಸ ನಿಧಾನವಾದರೆ ಕೂಲಿಯೂ ಕಡಿಮೆ. ಅದೇ ತಿಂಗಳುಗಳಲ್ಲಿ ಅವರು ಮಾತು ಬಿಡುತ್ತಾರೆ, ಗೋಡೆ ನೋಡುತ್ತಾ ಕೂಡುತ್ತಾರೆ. ಇದು ಮೋಡದಿಂದ ಬಂದ ಕಾಯಿಲೆಯೋ, ಸಂತೆಗೆ ಹಣವಿಲ್ಲದ್ದರಿಂದ ಬಂದ ಚಿಂತೆಯೋ? ಚಿಂತೆಯಾದರೆ ಅದಕ್ಕೆ ಗುಳಿಗೆ ಏನು ಮಾಡೀತು?

ಮನೋವೈದ್ಯೆ, ಬಾಗಲಕೋಟೆ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ವರ್ಷವೂ ಅದೇ ಕಾಲಕ್ಕೆ ಕೆಲಸ ತಪ್ಪುವಂಥ ಕಾರಣದಿಂದಲೇ ಮನಸ್ಸು ಕುಗ್ಗುತ್ತಿದ್ದರೆ, ಅದನ್ನು ಋತುಮಾನದ ಖಿನ್ನತೆ ಎಂದು ಕರೆಯಬಾರದೆಂದು ನಮ್ಮ ನಿಯಮವೇ ಹೇಳುತ್ತದೆ. ಆದರೆ ಹೆಸರು ಏನೇ ಇರಲಿ, ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಹೊತ್ತು ಮಾತು, ಊಟ, ನಿದ್ದೆ, ಕೆಲಸದ ಆಸಕ್ತಿ ಎಲ್ಲವೂ ಕೆಟ್ಟಿದ್ದರೆ ಅದು ಚಿಕಿತ್ಸೆ ಬೇಡುವ ಖಿನ್ನತೆಯೇ. ಬಡತನದಿಂದ ಹುಟ್ಟಿತೆಂಬ ಕಾರಣಕ್ಕೆ ಅದರ ನೋವು ಕಡಿಮೆಯಲ್ಲ, ಔಷಧಕ್ಕೆ ಬಗ್ಗುವುದಿಲ್ಲ ಎಂದೂ ಅಲ್ಲ. ಗುಳಿಗೆ ಕೂಲಿಯನ್ನು ಹೆಚ್ಚಿಸಲಾರದು, ನಿಜ. ನಾಳಿನ ಕೂಲಿಗೆ ದಾರಿ ಹುಡುಕುವ ಶಕ್ತಿಯನ್ನು ಅದು ಮರಳಿ ಕೊಡಬಹುದು. ಅಪ್ಪಾರನ್ನು ಒಮ್ಮೆ ಕರೆದುಕೊಂಡು ಬನ್ನಿ, ಮತ್ತು ಸಾಲವೆಷ್ಟಿದೆ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ.

ಶಹಾಪುರದ ಸೊಸೆ

ಕೆಲವು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ರಕ್ತ ಪರೀಕ್ಷೆಗೆ ಕೊಟ್ಟಿದ್ದೇನೆ, ಗುರುವಾರ ಆಸ್ಪತ್ರೆಗೆ ಹೋಗುವುದೆಂದು ನಿಶ್ಚಯವಾಗಿದೆ. ಬೆಳಿಗ್ಗೆ ಮಗನನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಅಲ್ಲಿಂದಲೇ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಬಯಲಿಗೆ ಯಜಮಾನರೊಡನೆ ಹೋಗುತ್ತಿದ್ದೇನೆ. ಮನೆಗೆ ಮರಳಿದರೆ ಮತ್ತೆ ಹಾಸಿಗೆ ಎಳೆಯುತ್ತದೆಂದು ನೇರವಾಗಿ ಹೋಗುವುದು. ಹಿತವೆನಿಸುತ್ತಿದೆ ಎಂದು ಸುಳ್ಳು ಹೇಳಲಾರೆ. ಹಿತವೆನಿಸುವವರೆಗೆ ಕಾದರೆ ಹೊರಡುವುದೇ ಇಲ್ಲ ಎಂದು ಗೊತ್ತಾಗಿರುವುದರಿಂದ ಹೋಗುತ್ತಿದ್ದೇನೆ. ಕಚೇರಿಯಲ್ಲಿ ಕಿಟಕಿಯ ಪಕ್ಕದ ಮೇಜನ್ನು ಕೇಳಿ ಪಡೆದೆ. ರಾಜೀನಾಮೆ ಪತ್ರವೊಂದನ್ನು ಬರೆದಿಟ್ಟುಕೊಂಡಿದ್ದೆ, ಅದನ್ನು ಮಾಸ್ತರರ ಕಟ್ಟಳೆಯಂತೆ ಯಜಮಾನರ ಕೈಗೆ ಕೊಟ್ಟು, ಬನ್ನಿ ಮುಡಿಯುವ ದಿನದವರೆಗೆ ಹಿಂದಿರುಗಿಸಬೇಡಿ ಎಂದು ಹೇಳಿದ್ದೇನೆ. ಉಳಿದ ಪ್ರಶ್ನೆಯನ್ನೂ ಅದರ ಜೊತೆಗೇ ಮುಂದೂಡಿದ್ದೇನೆ. ಅಣ್ಣನಿಗೂ ಫೋನು ಮಾಡಿ, ವೈದ್ಯರು ಒಪ್ಪಿದರೆ ಪಂಚಮಿಗೆ ಕಾಯದೆ ಮೊದಲೇ ಬಂದು ಕರೆದೊಯ್ಯಲು ಕೇಳಿದ್ದೇನೆ, ಏಕೆಂದರೆ ವಿಜಯಪುರದಲ್ಲಿ ಈ ದಿನಗಳಲ್ಲೂ ನಡುನಡುವೆ ಬಿಸಿಲು ಬೀಳುತ್ತದೆ.

ಅತ್ತೆಯವರದು ಮಾತ್ರ ಇನ್ನೂ ಬಗೆಹರಿದಿಲ್ಲ. ತೋಟದ ಅಕ್ಕಾ, ನಿಮ್ಮ ಮನೆಯ ಹಿರಿಯರಿಗೆ ಹೇಗೆ ತಿಳಿಸಿದಿರಿ?

ದ್ರಾಕ್ಷಿ ತೋಟದಾಕೆ, ತಿಕೋಟಾ

ನಾನು ತಿಳಿಸಲಿಲ್ಲ, ಅಕ್ಕಾವರೇ. ಅತ್ತೆಯವರನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸೊಸೆ ಹೇಳಿದರೆ ನೆವ ಎನಿಸುವ ಮಾತು ವೈದ್ಯರು ಹೇಳಿದಾಗ ಕಿವಿಗೆ ಬಿತ್ತು. ಅಲ್ಲಿ ಸಾಲಿನಲ್ಲಿ ಕುಳಿತವರಲ್ಲಿ ನಮ್ಮಂಥ ಮನೆತನದವರನ್ನೂ ಪರಿಚಯದವರನ್ನೂ ಕಂಡ ಮೇಲೆ ಜನ ಏನೆಂದಾರು ಎಂಬ ಅಂಜಿಕೆಯೂ ಅರ್ಧ ಇಳಿಯಿತು. ಆಮೇಲೆ ಅವರಿಗೊಂದು ಕೆಲಸ ಒಪ್ಪಿಸಿದೆವು: ರಾತ್ರಿಯ ಗುಳಿಗೆಯನ್ನು ಎಣಿಸಿ ಮಗನ ಕೈಗೆ ಕೊಡುವುದು ಅವರದೇ ಜವಾಬ್ದಾರಿ. ನೀವೂ ಗುರುವಾರ ಅತ್ತೆಯವರನ್ನು ಜೊತೆಗೆ ಕರೆದುಕೊಳ್ಳಿ. ಇದು ಯಾವ ವರ್ಷ ಯಾವ ತಿಂಗಳು ಬಂದು ಯಾವಾಗ ಹೋಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಒಳಗೆ ಕುಳಿತಾಗ ಎಲ್ಲ ಮರೆತುಹೋಗುತ್ತದೆ. ಚೀಟಿ ಮಾಡಿಸುವ ಸಾಲು ಉದ್ದವಿರುತ್ತದೆ, ಬಾಗಿಲು ತೆಗೆಯುವ ಮೊದಲೇ ಯಜಮಾನರು ಅಲ್ಲಿರಲಿ. ಬುತ್ತಿ ಕಟ್ಟಿಕೊಂಡು ಹೋಗಿ, ಮಧ್ಯಾಹ್ನ ದಾಟುತ್ತದೆ.